ಕಾಕಾನ ಫಟಫಟಿಯ ಹಿಂದಿನ ದೀಪ

ನಮ್ಮ ಕಾಕಾನಷ್ಟು ಕಾಯಿದೆ ಪಾಲಿಸುವವರು ಹುಬ್ಬಳ್ಳಿ-ಧಾರವಾಡದ ನಡುವೆ ಇನ್ನೊಬ್ಬರಿರಲಿಲ್ಲ. ಒಂದೇ ಒಂದು ಕಾಯಿದೆಯನ್ನು ಬಿಟ್ಟು! ಮನೆಯಂಗಳದಲ್ಲೂ ಎಡಗಡೆಯೇ ನಡೆಯುವವರು, ರಸ್ತೆಯಲ್ಲಿ ತಿರುಗುವಾಗ ಎಮ್ಮೆಗೂ ಕೈ ತೋರಿಸುವವರು. ಆದರೆ ಫಟಫಟಿಗೆ, ಅಂದರೆ ಮೋಟಾರ್ ಸೈಕಲ್ಲಿಗೆ, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಬೇಕೆಂದು ಸರಕಾರ ಹೇಳಿದರೆ, ಕಾಕಾನ ಫಟಫಟಿಯ ಹಿಂದೆ ಹಸಿರು ದೀಪ ಉರಿಯುತ್ತಿತ್ತು.

ಇದು ಅರವತ್ತರ ದಶಕದ ಮಾತು. ಕಾಕಾ ಧಾರವಾಡದ ಕಚೇರಿಯೊಂದರಲ್ಲಿ ಕಾರಕೂನರು. ನಾನೂ ಅಲ್ಲೇ ಹೊಸದಾಗಿ ಸೇರಿದ್ದೆ, ಹುಬ್ಬಳ್ಳಿ ಬದಿಯ ಬೆಂಗೇರಿಯ ಅವರ ಮನೆಯಲ್ಲೇ ಇದ್ದೆ. ದಿನಾ ಅವರ ಬೆನ್ನಿಗಂಟಿಕೊಂಡು ಹೋಗಿಬರುವುದು. ಹಿಂದಿನ ದೀಪದ ಹಳೆಯ ಗಾಜು ಒಡೆದಾಗ ಗುಜರಿ ಅಂಗಡಿಯ ರಾಶಿಯಲ್ಲಿ ಅವರೇ ಕೈಯಾರೆ ಆರಿಸಿ ತಂದದ್ದು ಆ ಹಸಿರು ಗಾಜು. ಸಂಜೆಯ ಮಬ್ಬಿನಲ್ಲಿ ಲಾರಿಯವನೊಬ್ಬ ಹಸಿರು ಕಂಡು, ದಾರಿ ಬಿಟ್ಟರೆಂದು ನುಗ್ಗಿಬಿಟ್ಟರೆ ಮೊದಲು ಸಿಗುವವನು ಯಾರು? ಕಾಕಾ ಅಲ್ಲ, ನಾನು!

"ಕಾಕಾ, ಹಿಂದ ಕೆಂಪ ದೀಪ ಇರಬೇಕಲ್ರಿ? ಇದು ಹಸರ ಐತಿ," ಎಂದೆ ಒಮ್ಮೆ.

ಕಾಕಾ ಗಾಜನ್ನೇ ಕ್ಷಣ ಹೊತ್ತು ನೋಡಿದರು. "ಕೆಂಪಂದ್ರ ಸಿಟ್ಟಿನ ಬಣ್ಣ. ಹಿಂದ ಬರಾವನ ಮ್ಯಾಲೆ ನನಗ್ಯಾಕೋ ಸಿಟ್ಟು?"

ಅವರ ಅಭಿರುಚಿಯೇ ಹಾಗೆಂದು ಮನೆಮಂದಿಯೆಲ್ಲ ಒಪ್ಪಿಬಿಟ್ಟಿದ್ದರು. ಹೊಸದಾಗಿ ಮದುವೆಯಾದಾಗ ಕಾಕು ಹಸಿರು ಬಳೆ ಕೇಳಿದ್ದಕ್ಕೆ ಎರಡು ಡಜನ್ ಕೆಂಪು ಬಳೆ ತಂದರಂತೆ. "ಹಸರ ಬಳಿ ಊರ ಮಂದೆಲ್ಲಾ ಹಾಕ್ಕೋತಾರ!" ಎಂಬ ಸಮರ್ಥನೆ ಬೇರೆ. ಕಾಕು ಅವನ್ನೇ ಹಾಕಿಕೊಂಡರು. ಅಂದಿನಿಂದ ಅವರ ಕೈಯಲ್ಲಿ ಕೆಂಪು ಬಳೆಯೇ. ಇನ್ನು ಹರೆಯದಲ್ಲಿ ರೈಲಿನ ಇಂಜಿನ್ ಓಡಿಸುತ್ತೇನೆಂದು ಹೋದ ಕಾಕಾ, ಡಾಕ್ಟರ ತಪಾಸಣೆಯ ದಿನವೇ ವಾಪಸು ಬಂದಿದ್ದರು. ಯಾಕೆ? "ಆ ಇದ್ದಲಿ ಧೂಳ ನನ್ನ ಮೈಗೆ ಆಗಂಗಿಲ್ಲ!" ಅಂತೆ. ಅಷ್ಟು ದೊಡ್ಡ ಇಂಜಿನ್ನನ್ನೇ ಬೇಡವೆಂದ ಮಹಾಶಯರು ಈ ಮುದಿ ಫಟಫಟಿಗೆ ದಿನಾ ಎರಡು ಹೊತ್ತು ಮೈ ಒರೆಸುತ್ತಿದ್ದರು.

ಒಂದು ಸಂಜೆ ಮನೆಗೆ ಬರುವಾಗ ಉಣಕಲ್ಲಿನ ಹತ್ತಿರ ಹವಾಲ್ದಾರ ತಡೆದ. "ಕಾರಕೂನ ಸಾಹೇಬ್ರ, ನಾಳೆ ಕೆಂಪ ಗಾಜು ಹಾಕ್ಕೊಂಡು ಬರ್ರಿ. ಇಲ್ಲಾಂದ್ರ ಗಾಡಿ ಜಪ್ತಿ, ಲೈಸೆನ್ಸೂ ಹೋಗ್ತೈತಿ."

ಆ ರಾತ್ರಿ ಕಾಕಾ ಸರಿಯಾಗಿ ಉಣ್ಣಲಿಲ್ಲ. ಮರುದಿನ ತಾವೇ ಹೋಗಿ, ಅದೇ ರಾಶಿಯಲ್ಲಿ ಹುಡುಕಿ, ಹೊಸ ಗಾಜು ಹಾಕಿಸಿ, ಹವಾಲ್ದಾರನ ಮುಂದೆ ಎದೆಯುಬ್ಬಿಸಿ ನಿಂತರು. "ನೋಡ್ರಿ, ಕಾಯಿದೆ ಪ್ರಕಾರ!"

ಹವಾಲ್ದಾರ ಬಗ್ಗಿ ನೋಡಿದ. "ಚ್ಯಾಷ್ಟಿ ಮಾಡಾಕತ್ತೀರೇನ್ರಿ? ಇದೂ ಹಸರ ಐತಲ್ರಿ!"

ಕಾಕಾನ ಮುಖ ಬಾಡಿತು. ಆದರೆ ಒಂದೇ ಕ್ಷಣ. "ಹಸರಲ್ರೀ, ನವಿಲಿನ ಕೊರಳಿನ ಬಣ್ಣ! ನಿಮಗ ಬಣ್ಣದ ರುಚಿನ ಇಲ್ಲ ಬಿಡ್ರಿ!"

ನಗಬೇಕೋ ಬೈಯಬೇಕೋ ತಿಳಿಯದ ಹವಾಲ್ದಾರ ಇನ್ನೊಂದೇ ದಿನದ ಗಡುವು ಕೊಟ್ಟ. ನಾನು ಮನೆಗೆ ಬಂದವನೇ ಅಡಿಗೆಮನೆಗೆ ಹೋಗಿ ನವಿಲಿನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. "ಕಾಕಾಗ ತಲಿ ಕೆಟ್ಟೈತ್ರಿ ಕಾಕು!"

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ನಗಬ್ಯಾಡೋ ತಮ್ಮಾ. ಅವರಿಗೆ ಕೆಂಪು, ಹಸರು ಎರಡೂ ಒಂದ ಕಾಣತಾವ. ರೈಲ್ವೆ ಡಾಕ್ಟರು ವಾಪಸ್ ಕಳಿಸಿದ್ದೂ ಅದಕ್ಕ. ಬಳಿ ತಂದ ದಿನಾನ ನನಗ ತಿಳೀತು. ನನಗ ಗೊತ್ತೈತಿ ಅಂತ ಅವರಿಗೆ ಗೊತ್ತಿಲ್ಲ. ಪೋಲೀಸರಿಗೆ ತಿಳಿದ್ರ ಈ ಫಟಫಟಿನೂ ಬಿಡಸ್ತಾರ. ಅದಕ್ಕ, ಮಂದಿ ಹುಚ್ಚ ಅಂದ್ರೂ ಅನ್ನಲಿ ಅಂತ ಇದ್ದಾರ."

ಇಷ್ಟು ದಿನ ಕಚೇರಿಯವರ ಮುಂದೆಲ್ಲ ಅವರನ್ನು ಆಡಿಕೊಂಡು ನಕ್ಕಿದ್ದೆನಲ್ಲ, ನಾಚಿಕೆಯಾಯಿತು.

ಮುಂಜಾನೆ ಕಾಕಾನಿಗೆ ಹೇಳಿದೆ, "ಗಾಜು ನಾ ತರತೇನ್ರಿ. ಹಿಂದ ಕೂಡಾಂವ ನಾ, ಹಿಂದಿನ ದೀಪಾನೂ ನಂದ."

"ನಿನಗೇನ ತಿಳೀತೈತೋ ಬಣ್ಣ?" ಎಂದು ಗೊಣಗಿದರು. ಬೇಡವೆನ್ನಲಿಲ್ಲ.

ಸಂಜೆ ಹವಾಲ್ದಾರ ಹೊಸ ಗಾಜು ನೋಡಿದ. "ಹಾಂ, ಈಗ ಬರೋಬ್ಬರಿ ಆತು. ಹೋಗ್ರಿ ಸಾಹೇಬ್ರ."

ಫಟಫಟಿ ಹೊರಟಿತು. ಬೆಂಗೇರಿ ಇನ್ನೇನು ಬಂತು ಎನ್ನುವಾಗ ಕಾಕಾ ಗಾಡಿ ನಿಲ್ಲಿಸಿ ಇಳಿದರು. ಹಿಂದೆ ಬಂದು, ಉರಿಯುತ್ತಿದ್ದ ದೀಪದ ಮುಂದೆ ಬಗ್ಗಿ, ಬಹಳ ಹೊತ್ತು ನೋಡಿದರು. ನನ್ನ ಮುಖ ನೋಡದೆಯೇ ಮೆಲ್ಲಗೆ ಕೇಳಿದರು:

"ತಮ್ಮಾ, ಖರೇ ಕೆಂಪೈತೇನೋ?"

"ಖರೇನ ಐತ್ರಿ ಕಾಕಾ," ಎಂದೆ. "ಕಾಕುನ ಕೈಯಾಗಿನ ಬಳಿ ಇದ್ದಂಗ ಐತಿ."

ಕಾಕಾ ಇನ್ನೊಮ್ಮೆ ಬಗ್ಗಿ ನೋಡಿದರು.