ಅತ್ತೆ ಕಾದ ಫೈರ್‌ವಾಲ್

ಮೊಳಕಾಲ್ಮೂರಿನ ನಮ್ಮ ಸೋದರತ್ತೆ ಯಾರನ್ನೂ ಒಂದೇ ಸಲಕ್ಕೆ ಒಳಗೆ ಬಿಟ್ಟವರಲ್ಲ. ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನೇ ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಯಾರು, ಯಾವೂರು, ಏನು ಕೆಲಸ ಎಂದೆಲ್ಲ ವಿಚಾರಿಸಿ, ಉತ್ತರ ಸರಿಹೋಗದೆ ಜಗಲಿಯಿಂದಲೇ ಬೀಳ್ಕೊಟ್ಟ ಧೀರೆ! ಅಂಥವರ ಮನೆಗೆ ಕಂಪ್ಯೂಟರ್ ಬಂತು.

ಬಂದದ್ದು ಮಾವನಿಗಾಗಿ. ಮಗ್ಗದ ಮುಂದೆ ಕೂತು ಕೂತು ಅವರ ಕಣ್ಣು ಪೂರಾ ಮಂಜಾಗಿತ್ತು. ಮನಸ್ಸಿನಲ್ಲಿ ಮಾತ್ರ ಸೀರೆಯ ಒಂದು ಹೊಸ ಅಂಚು ಉಳಿದಿತ್ತು: ಉದ್ದಕ್ಕೂ ಗಿಳಿಗಳು. ಅವರು ಹೇಳುತ್ತಾ ಹೋದರು, ಅತ್ತೆ ಮೌಸ್ ಹಿಡಿದು ಚುಕ್ಕಿ ಚುಕ್ಕಿಯಾಗಿ ತುಂಬುತ್ತಾ ಹೋದರು. ಮಗ ಅದನ್ನು ನೇಯಬೇಕು. ಸೀರೆ ಮಗ್ಗದಿಂದ ಇಳಿಯುವ ಮೊದಲೇ ಚಿತ್ರ ಪವರ್‌ಲೂಮಿನವರ ಕೈಗೆ ಸಿಕ್ಕರೆ ಮುಗಿಯಿತು, ಮಾವನ ಕೊನೆಯ ಗಿಳಿಗಳು ಅಗ್ಗದ ಬಟ್ಟೆಯ ಮೇಲೆ ಸಂತೆಗೆ ಬಂದುಬಿಡುತ್ತಿದ್ದವು.

ಚಳ್ಳಕೆರೆಯ ಮೆಕ್ಯಾನಿಕ್ ಬಾಷಾಭಾಯಿ ಫೋನಿನ ತಂತಿಯಿಂದಲೇ ಇಂಟರ್ನೆಟ್ ಕೊಟ್ಟು, ಫೈರ್‌ವಾಲ್ ಎಂಬ ಕಾವಲನ್ನೂ ಹಾಕಿ ಹೋದರು. ಯಾವ ಪ್ರೋಗ್ರಾಂ ಹೊರಗೆ ಕಾಲಿಡಲು ಹೊರಟರೂ ಪರದೆಯ ಮೇಲೊಂದು ಎಚ್ಚರಿಕೆ: ಇಂಥವರು ಇಂಟರ್ನೆಟ್ಟಿಗೆ ಹೋಗಬೇಕಂತೆ, ಬಿಡಲೇ, ತಡೆಯಲೇ, ಈಗ ನಿಲ್ಲಿಸಿ ಆಮೇಲೆ ಕೇಳಲೇ? ಇಂಗ್ಲಿಷನ್ನು ಕನ್ನಡ ಮಾಡಿ ಓದಲು ರಜಕ್ಕೆ ಬಂದ ನಾನಿದ್ದೆ. ನಾನು ಕಂಡವರೆಲ್ಲ ಕಣ್ಣುಮುಚ್ಚಿ ‘ಬಿಡು’ ಒತ್ತಿ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಅತ್ತೆ?

“ಆಮೇಲೆ ಕೇಳು ಅಂತ ಐತಲ್ಲ, ಅದನ್ನೊತ್ತು.”

“ಅತ್ತೆ, ಇದು ವೈರಸ್ ಹಿಡಿಯೋ ಪ್ರೋಗ್ರಾಂ. ಒಳ್ಳೇದೇ.”

“ಒಳ್ಳೇದಾದ್ರೆ ಇನ್ನೊಂದ್ಸಲ ಬರ್ತೈತೆ. ಮಾತು ಬದಲಾಯಿಸ್ದೆ ಬಂದ್ರೆ ಬಿಡಾನ.”

ಪಾಪ, ಅದು ದಿನವೂ ಬಂತು. ಅದೇ ಹೆಸರು, ಅದೇ ಬೇಡಿಕೆ. ಕೊನೆಗೆ ಅತ್ತೆಯ ಮನಸ್ಸು ಕರಗಿ ಅದಕ್ಕೆ ದಾರಿ ಸಿಕ್ಕಿತು.

ಅಷ್ಟರಲ್ಲಿ ಎಲ್ಲಿಂದಲೋ ಬಂದ ವ್ಯಾಪಾರಿಯೊಬ್ಬ ಬೀದಿಯಲ್ಲಿ ಕಂಪ್ಯೂಟರ್ ಇದ್ದವರಿಗೆಲ್ಲ ಡಿಸೈನುಗಳ ಸಿ.ಡಿ.ಯನ್ನು ಪುಕ್ಕಟೆ ಹಂಚಿದ. ನಮ್ಮಲ್ಲಿ ಹಾಕಿದೊಡನೆ ಎಚ್ಚರಿಕೆ: ‘ಚಿತ್ರ ತೋರಿಸುವವನು’ ಹೊರಗೆ ಹೋಗಬೇಕಂತೆ. ಅತ್ತೆಯದು ಅದೇ ಉತ್ತರ, ಆಮೇಲೆ ಕೇಳು. ಮರುದಿನ ಅದೇ ಸಿ.ಡಿ.ಯ ಜಾಗದಿಂದ ಇನ್ನೊಬ್ಬ ಎದ್ದು ಬಂದ: ‘ಪ್ರಿಂಟರ್ ಸಹಾಯಕ’.

ಅತ್ತೆ ಕನ್ನಡಕ ಏರಿಸಿದರು. “ನಮ್ಮನೇಲಿ ಪ್ರಿಂಟರೇ ಇಲ್ಲ. ಇವನು ಯಾರಿಗೆ ಸಹಾಯ ಮಾಡಾಕೆ ಬಂದಾನ್ಲೇ?”

‘ತಡೆ’ ಒತ್ತಿಸಿದ್ದೇ ಚಳ್ಳಕೆರೆಗೆ ಫೋನ್ ಮಾಡಿದರು. ಬಸ್ಸು ಹಿಡಿದು ಬಂದ ಬಾಷಾಭಾಯಿ ಪರೀಕ್ಷೆ ಮಾಡಿ ಎದ್ದು ನಿಂತರು.

“ಅಮ್ಮಾ, ಇಬ್ರೂ ಒಬ್ನೇ. ಒಳಗಿರೋ ಚಿತ್ರಾನೆಲ್ಲ ಕದ್ದು ಹೊರಗೆ ಕಳಿಸೋನು. ಬಿಟ್ಟವರ ಮನೇದೆಲ್ಲ ಹೋಗೈತೆ. ನಿಮ್ಮನೆ ಬಚಾವ್.”

ಆ ಸಂಜೆ ಅತ್ತೆ ಬೀದಿಯಲ್ಲಿ ನಡೆದ ಠೀವಿಯನ್ನು ನೀವು ನೋಡಬೇಕಿತ್ತು! ಚುನಾವಣೆ ಗೆದ್ದವರ ನಡಿಗೆ, ಕೊರಳಿಗೆ ಹಾರವೊಂದು ಕಡಿಮೆ. ಅಲ್ಲಿಂದ ಮುಂದೆ ಯಾರ ಮನೆಯ ಪರದೆಯಲ್ಲಿ ಎಚ್ಚರಿಕೆ ಕಂಡರೂ “ಅಕ್ಕಾ, ಒಸಿ ಬಂದು ನೋಡ್ರಿ” ಎಂದು ಕರೆ ಬರುತ್ತಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದರು.

ಸೀರೆ ಮಗ್ಗದಿಂದ ಇಳಿದ ದಿನ ಅತ್ತೆ ಅದನ್ನು ಯಾರಿಗೂ ತೋರಿಸದೆ ನೇರವಾಗಿ ಮಾವನ ತೊಡೆಯ ಮೇಲೆ ಹರಡಿದರು. ಮಾವನ ಬೆರಳು ಜರಿಯ ಮೇಲೆ ಗಿಳಿಯಿಂದ ಗಿಳಿಗೆ ನಿಧಾನವಾಗಿ ಸಾಗಿ ಒಂದು ಕಡೆ ನಿಂತಿತು.

“ಇದರ ಕತ್ತು ತಿರುಗೈತಲ್ಲ. ನಾನು ಹಿಂಗ್ ಹೇಳಿರ್ಲಿಲ್ಲ.”

“ನಾನೇ ತಿರುಗ್ಸಿದ್ದು” ಎಂದರು ಅತ್ತೆ. ಅವರ ದನಿ ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. “ಒಂದಾದ್ರೂ ನಿಮ್ಮ ಕಡೆ ನೋಡ್ಲಿ ಅಂತ.”