ಒಂಬತ್ತು ಸೆಕೆಂಡಿನ ಲ್ಯಾಪ್‌ಟಾಪ್

"ಇವತ್ತು ಈ ಮುದಿ ಲ್ಯಾಪ್‌ಟಾಪ್‌ಗೆ ಮರುಜನ್ಮ ಕೊಡ್ತೀನಿ! ಇಲ್ಲದಿದ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ!" ಎಂದು ಭಾನುವಾರ ಬೆಳಿಗ್ಗೆ ಕರಡು ಸಾಹೇಬರು ಘೋಷಿಸಿದರು.

"ನಿಮ್ಮ ಹೆಸರನ್ನ ಪ್ರೆಸ್‌ನವರು ಆಗ್ಲೇ ಬದಲಾಯಿಸಿದ್ದಾರಲ್ಲ" ಎಂದಳು ಹೆಂಡತಿ, ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತದೆ.

ಅದೂ ನಿಜವೇ. ಮನೆಯಲ್ಲೇ ಕುಳಿತು ಪುಸ್ತಕಗಳ ಕರಡು ತಿದ್ದುವ ಅವರಿಗೆ ಮುದ್ರಣಾಲಯದವರು ಇಟ್ಟ ಹೆಸರು ಅದು. ಊರಿನವರ ತಪ್ಪನ್ನೆಲ್ಲ ತಿದ್ದುವ ಸಾಹೇಬರಿಗೆ ತಮ್ಮ ಲ್ಯಾಪ್‌ಟಾಪನ್ನು ಮಾತ್ರ ತಿದ್ದಲಾಗಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಗುಂಡಿ ಒತ್ತಿದರೆ ಅದು ಕಣ್ಣುಬಿಟ್ಟು, ಮೈಮುರಿದು, ಕೆಲಸಕ್ಕೆ ಸಜ್ಜಾಗುವಷ್ಟರಲ್ಲಿ ಏಳೂಮುಕ್ಕಾಲು! ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ಹೊಸ ನಮೂನೆಯ ಡಿಸ್ಕ್ ಹಾಕಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಎದ್ದು ನಿಲ್ಲುತ್ತದೆಂದು ಮೂರು ವಿಡಿಯೊಗಳು ಅವರಿಗೆ ಆಣೆ ಮಾಡಿ ಹೇಳಿದ್ದವು.

ಶಸ್ತ್ರಚಿಕಿತ್ಸೆ ಊಟದ ಮೇಜಿನ ಮೇಲೆ ನಡೆಯಿತು. ಹಳೆಯದರಲ್ಲಿದ್ದುದೆಲ್ಲ ಹೊಸದಕ್ಕೆ ನಕಲಾಗಲು ಮಧ್ಯಾಹ್ನವಾಯಿತು. ಮುಚ್ಚಳ ಹಾಕಿದ ಮೇಲೆ ನೋಡಿದರೆ ಬಟ್ಟಲಲ್ಲಿ ಎರಡು ಸ್ಕ್ರೂ ಉಳಿದಿದ್ದವು. "ಒಂದೆರಡು ಹೆಚ್ಚಿಗೇ ಕೊಟ್ಟಿರ್ತಾರೆ" ಎಂದು ಮಗಳಿಗೆ ಗಂಭೀರವಾಗಿ ಹೇಳಿ ಅವನ್ನು ಜೇಬಿಗಿಳಿಸಿದರು. ಗುಂಡಿ ಒತ್ತಿದರು. ಒಂಬತ್ತೇ ಸೆಕೆಂಡು! ಸಾಹೇಬರು ಮೇಜು ಹತ್ತಿ ಕುಣಿಯುವುದೊಂದು ಬಾಕಿ.

ಎಡವಟ್ಟು ಶುರುವಾದದ್ದು ಸೋಮವಾರ.

ಹೆಂಡತಿಗೆ ಎಂಟರ ಬಸ್ಸು ತಪ್ಪುವಂತಿಲ್ಲ. ರಕ್ತಪರೀಕ್ಷೆಯ ಲ್ಯಾಬಿನ ಬೀಗದ ಕೈ ಅವಳ ಹತ್ತಿರ. ತಡವಾಯಿತೆಂದು ಡಾಕ್ಟರ್ ಬಾಯಲ್ಲಿ ಆಗಲೇ ಎರಡು ಸಲ ಬೈಸಿಕೊಂಡಿದ್ದಳು. ಸಾಹೇಬರು ಏಳಕ್ಕೆ ಗುಂಡಿ ಒತ್ತಿ ಎಂದಿನಂತೆ ಅಡುಗೆಮನೆ ಕಡೆ ತಿರುಗಿದರು. ನಾಲ್ಕು ಹೆಜ್ಜೆ ಇಡುವುದರೊಳಗೆ ಹಿಂದಿನಿಂದ 'ಟಣ್' ಎಂದಿತು. ಲ್ಯಾಪ್‌ಟಾಪ್ ತಯಾರು! ಅದು ತಯಾರಾದ ಮೇಲೆ ತಾವು ಕೂರಬೇಕಲ್ಲವೇ? ಎಂಟು ವರ್ಷದ ಪದ್ಧತಿ. ಕುಳಿತರು. ಕೂಡಲೇ ಮುದ್ರಣಾಲಯದ ಮೇಲ್ವಿಚಾರಕಿಯ ಫೋನು.

"ಏನ್ ಸಾರ್, ಏಳಕ್ಕೇ ಆನ್‌ಲೈನ್‌ನಲ್ಲಿ ನಿಮ್ಮ ಹಸಿರು ದೀಪ! ಒಳ್ಳೇದಾಯ್ತು, ಮೂರನೇ ಅಧ್ಯಾಯ ಒಂಬತ್ತಕ್ಕೆ ಕೊಟ್ಬಿಡಿ."

"ಅಲ್ಲ ಮೇಡಂ, ನಾನಿನ್ನೂ ಹಲ್ಲು..."

"ಲ್ಯಾಪ್‌ಟಾಪ್ ನಿಧಾನ ಅಂತ ಮಾತ್ರ ಹೇಳ್ಬೇಡಿ!"

ಸಾಹೇಬರು ಹೇಳಹೊರಟಿದ್ದ ಮುಂದಿನ ಮಾತು ಅದೇ. ನುಂಗಿಕೊಂಡರು.

ಅರ್ಧ ಗಂಟೆಯಾಯಿತು. ಮಗಳು ಬಾಚಣಿಗೆ ಹಿಡಿದು ಬಂದಳು. "ಅಪ್ಪಾ, ಜಡೆ?" ಒಳಗಿನಿಂದ ಹೆಂಡತಿಯ ಗುಡುಗು: "ರೀ! ಪಾತ್ರೆ ಹಾಗೇ ಬಿದ್ದಿವೆ, ತರಕಾರಿ ಹೆಚ್ಚಿಲ್ಲ, ನನ್ನ ಡಬ್ಬಿ ಖಾಲಿ! ಏನಾಗಿದೆ ಈ ಮನೆಗೆ?"

ಏನಾಗಿದೆ? ಸಾಹೇಬರಿಗೂ ತಿಳಿಯಲಿಲ್ಲ. ಲ್ಯಾಪ್‌ಟಾಪ್ ಸರಿಯಾಗಿದೆ, ಮನೆಯೇ ಹ್ಯಾಂಗ್ ಆಗಿದೆ! ತಲೆ ಕೆರೆದುಕೊಂಡಾಗ ಸ್ವಲ್ಪ ಸ್ವಲ್ಪವಾಗಿ ಹೊಳೆಯಿತು. ಪರದೆಯಲ್ಲಿ ಚಕ್ರ ಸುತ್ತುವಾಗ ಅವರು ಪಾತ್ರೆ ತೊಳೆಯುತ್ತಿದ್ದರು. ಅದು ಪಾಸ್‌ವರ್ಡ್ ಕೇಳುವ ಹೊತ್ತಿಗೆ ತರಕಾರಿ ಹೆಚ್ಚಿ ಮುಗಿಯುತ್ತಿತ್ತು. ಚಿತ್ರಗಳು ಒಂದೊಂದಾಗಿ ಮೂಡುವಾಗ ಮಗಳ ಎರಡು ಜಡೆ. ಇದನ್ನು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಹೆಂಡತಿಯೂ "ಚಕ್ರ ಇನ್ನೂ ಸುತ್ತುತ್ತಿದ್ಯಾ? ಹಾಗಾದ್ರೆ ಸ್ನಾನಕ್ಕೆ ಟೈಮಿದೆ" ಎನ್ನುತ್ತಿದ್ದಳು. ಇಡೀ ಸಂಸಾರದ ಗಡಿಯಾರ ಆ ಹಳೆಯ ಡಿಸ್ಕಿನೊಳಗಿತ್ತು!

ಗಾಬರಿಯಿಂದ ಎದ್ದು ಒಂದು ಜಡೆ ಹೆಣೆದರು. ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಮತ್ತೆ ಮೇಲ್ವಿಚಾರಕಿಯ ಫೋನು. ಎಂಟರ ಬಸ್ಸು ಹೆಂಡತಿಯನ್ನು ಬಿಟ್ಟೇ ಹೋಯಿತು. ಬರಿಹೊಟ್ಟೆಯಲ್ಲಿ ಬಂದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ ಹನ್ನೆರಡು ಜನ ಅವಳಿಗೆ ಸರಿಯಾಗಿ ಮಂಗಳಾರತಿ ಎತ್ತಿದರು. ಇನ್ನೊಂದು ಸಲ ಹೀಗಾದರೆ ಬೀಗದ ಕೈ ಬೇರೆಯವರಿಗೆ ಎಂದರಂತೆ ಡಾಕ್ಟರ್. ಮಗಳು ಒಂಟಿಜಡೆಯಲ್ಲಿ ಶಾಲೆಗೆ ಹೋಗಿ ಅಳುತ್ತ ಬಂದಳು. ಮೂರನೇ ಅಧ್ಯಾಯದಲ್ಲಿ ಕಥಾನಾಯಕ ಒಂದು ಪುಟದಲ್ಲಿ ಸತ್ತು ಮುಂದಿನ ಪುಟದಲ್ಲಿ ಕಾಫಿ ಕುಡಿದ. ಸಾಹೇಬರ ಕಣ್ಣಿಗೆ ಅದು ಬೀಳಲೇ ಇಲ್ಲ.

ಸಂಜೆ ಹೆಂಡತಿ ಚೀಲ ಕೆಳಗಿಡುವ ಮೊದಲೇ ಅವರು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಅವಳ ಕೆಲಸಕ್ಕೇ ಸಂಚಕಾರ ತಂದೆನಲ್ಲ ಎಂದು ನಿಜಕ್ಕೂ ಅಳು ಬರುವಂತಾಗಿತ್ತು. ಎಸ್‌ಎಸ್‌ಡಿ ಕಿತ್ತರು, ಹಳೆಯ ಡಿಸ್ಕನ್ನು ಮತ್ತೆ ಕೂರಿಸಿದರು. ಈ ಸಲ ನಾಲ್ಕು ಸ್ಕ್ರೂ ಉಳಿದವು. ಗುಂಡಿ ಒತ್ತಿದಾಗ ಅದು ಕರಕರ ಎಂದು ಗೊಣಗಿ, ಚಕ್ರ ಸುತ್ತಿಸತೊಡಗಿತು.

"ನೋಡು! ಎಲ್ಲಾ ಮೊದಲಿನ ಹಾಗೆ! ನಾಳೆಯಿಂದ ಪಾತ್ರೆ, ತರಕಾರಿ, ಜಡೆ, ಡಬ್ಬಿ, ಎಲ್ಲಾ ಟೈಮಿಗೆ ಸರಿಯಾಗಿ! ನಿನ್ನ ಬಸ್ಸು ಇನ್ನು ತಪ್ಪೋ ಮಾತೇ ಇಲ್ಲ!"

ಹೆಂಡತಿ ಲ್ಯಾಪ್‌ಟಾಪನ್ನು ನೋಡಿದಳು, ಗಂಡನನ್ನು ನೋಡಿದಳು.

"ಅಲ್ಲಾ ರೀ, ಒಂದು ಮಾತು ಕೇಳ್ಲಾ?"

"ಕೇಳು, ಕೇಳು!"

"ಆ ಹೊಸದನ್ನೇ ಇಟ್ಕೊಂಡು, ಮನೆಕೆಲಸ ಮುಗಿಸಿ ಏಳೂಮುಕ್ಕಾಲಿಗೆ ಗುಂಡಿ ಒತ್ತಿದ್ರೆ ಆಗ್ತಿರ್ಲಿಲ್ವಾ?"

ಸಾಹೇಬರು ಮೆಲ್ಲಗೆ ಲ್ಯಾಪ್‌ಟಾಪ್ ಆಫ್ ಮಾಡಿ ಮತ್ತೆ ಬೋರಲು ಹಾಕಿ ಸ್ಕ್ರೂಡ್ರೈವರಿಗೆ ಕೈಚಾಚಿದರು.