ಬೀಗತಿ ಕಡಿ ಮೈಟೊಕಾಂಡ್ರಿಯಾ

ಬಸುರಿ ಹೆಂಗಸರ ಮೈಯಾಗ, ಜೀವಕೋಶಕ್ಕ ಶಕ್ತಿ ಹುಟ್ಟಿಸಿ ಕೊಡೋ ಮೈಟೊಕಾಂಡ್ರಿಯಾ ಹೆಂಗ ಕೆಲಸ ಮಾಡ್ತೈತಿ ಅಂತ ಸಂಶೋಧನಿ ಮಾಡೋದು ನನ್ನ ಕಸುಬು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಅಂತ ಊರೂರು ತಿರಗ್ತೀನಿ. ಲ್ಯಾಬಿನಾಗ ನಾನು ಭಾಳ ಶಾಣ್ಯಾಕಿ. ಯಾರದರ ಮನಿ ಕಟ್ಟಿ ಹತ್ತಿದೆ ಅಂದ್ರ ಮುಗೀತು, ಏನರ ಒಂದು ಫಜೀತಿ ಆಗೇ ಆಗ್ತೈತಿ. ಆದ್ರ ಕೋಗಳಿ ಕಡೆ ಕುರಿ ಸಾಕೋ ಒಂದು ಮನ್ಯಾಗ ಆದಷ್ಟು ಮತ್ತೆಲ್ಲೂ ಆಗಿಲ್ಲ.

ಸೆಲ್ಲು

ಆ ಮನಿ ಸೊಸಿ ತುಂಬು ಬಸುರಿ. ನೀರಿನ ಕೊಡ ಎತ್ತಿದ್ರ ಸಾಕು, ಕುಂತು ಬಿಡ್ತಿತ್ತು ಹುಡುಗಿ. "ಇದು ಬರೀ ರಕ್ತ ಕಮ್ಮಿ ಆಗಿದ್ದಲ್ಲ, ನೀವೊಮ್ಮೆ ನೋಡ್ರಿ," ಅಂತ ತಾಲೂಕಿನ ಡಾಕ್ಟ್ರು ನನಗ ಹೇಳಿದ್ರು. ಹುಡುಗಿಗೆ ಕೆಲಸ ಬಿಡಿಸಬೇಕು, ದೊಡ್ಡಾಸ್ಪತ್ರಿಗೆ ಕಳಿಸಬೇಕು. ಇಲ್ಲಂದ್ರ ತಾಯಿಗೂ ಕೂಸಿಗೂ ಕಷ್ಟ. ಅಡ್ಡ ನಿಂತಾಕಿ ಅತ್ತಿ.

"ಸೋಂಬೇರಿತನ ರೀ ಅದು! ನಾನು ಹೆರೋ ದಿನಾನೂ ಕುರಿ ರೊಪ್ಪ ಬಳದಾಕಿ," ಅಂದ್ಲು.

ನಾನು ಸಮಾಧಾನದಿಂದ ಹೇಳಿದೆ: "ಹಂಗಲ್ಲಮ್ಮ. ನಮ್ಮ ಮೈ ತುಂಬ ಸಣ್ಣ ಸಣ್ಣ ಸೆಲ್ ಇರ್ತಾವ. ಈಕಿ ಸೆಲ್ಲಿನಾಗ ಕರೆಂಟು ಸರಿಯಾಗಿ ಹುಟ್ಟವಲ್ದೇನೋ ಅಂತ ಅನುಮಾನ."

ಬಾಗಿಲಾಗ ನಿಂತು ಕೇಳಿದ ಹುಡುಗಿ ಗಂಡ ಅಂಗಡಿಗೆ ಓಡಿದ. ಬ್ಯಾಟರಿ ಸೆಲ್ ತಂದು ನನ್ನ ಕೈಯಾಗ ಇಟ್ಟು, "ಹೊಸಾವು ರೀ. ಎಲ್ಲಿ ಹಾಕ್ತೀರಿ?" ಅಂದ.

ನಿನ್ನ ತಲಿಯಾಗ ಅನ್ನೋದು ಬಾಯಿ ತನ ಬಂದಿತ್ತು, ನುಂಗಿಕೊಂಡೆ.

ಪಿಎಚ್‌ಡಿ

ಎರಡನೇ ಸಲ ಹೋದಾಗ ಅತ್ತಿ ನನ್ನ ಮ್ಯಾಲಿಂದ ಕೆಳಗ ನೋಡಿ, "ನೀವು ಯಾವ ಡಾಕ್ಟ್ರು?" ಅಂತ ಕೇಳಿದ್ಲು.

"ಪಿಎಚ್‌ಡಿ ಡಾಕ್ಟ್ರಮ್ಮ."

"ಪಶು ಡಾಕ್ಟ್ರಾ! ಮದ್ಲ ಹೇಳಬಾರದಾ, ಬರ್ರಿ ಬರ್ರಿ!" ಅಂತ ಕೈ ಹಿಡಿದು ರೊಪ್ಪಕ್ಕ ಎಳಕೊಂಡು ಹೋದ್ಲು. ಅಲ್ಲೊಂದು ಕುರಿ ನೆರಳಾಗ ಮಲಗಿತ್ತು. ನಾನು ಬಗ್ಗಿ ಮುಟ್ಟಾಕ ಹೋದ್ರ ಅತ್ತಿ ಗದರಿದ್ಲು: "ಎಬ್ಬಿಸಬ್ಯಾಡ್ರಿ! ಗಬ್ಬ ಐತಿ ಪಾಪ, ಸುಸ್ತಾಗಿರ್ತೈತಿ."

ಬಸುರಿ ಸೊಸಿ ಆಗ ಅದೇ ಕುರಿಗೆ ನೀರು ಹೊತ್ತು ತರಾಕ ಹತ್ತಿತ್ತು. ನನಗ ಸಿಟ್ಟು ನೆತ್ತಿಗೇರ್ತು.

ಬೀಗತಿ

ಮೂರನೇ ಸಲ ಖಡಕ್ಕಾಗಿ ಹೇಳಿದೆ: "ಸೆಲ್ಲಿನಾಗ ಕರೆಂಟು ಹುಟ್ಟಿಸೋ ಈ ಮೈಟೊಕಾಂಡ್ರಿಯಾ ಬರೋದು ಬರೀ ತಾಯಿ ಕಡಿಂದ. ಈಕಿ ತಾಯಿ ರಕ್ತಾನೂ ನೋಡಬೇಕು, ಕರಸ್ರಿ."

ಅತ್ತಿ ಮುಖ ಅರಳ್ತು. "ನಾನು ಹೇಳಲಿಲ್ಲಾ? ಎಲ್ಲಾ ಅವ್ರವ್ವನ ಕಡಿದು! ನಮ್ಮ ರಕ್ತದಾಗ ಇಂಥದ್ದಿಲ್ಲ. ಬರ್ಲಿ ತಡೀರಿ ಬೀಗತಿ, ಮಾಡ್ತೀನಿ ಆಕಿಗೆ!"

ಅವತ್ತ ಮಧ್ಯಾಹ್ನದ ಕೊಟ್ಟೂರು ಬಸ್ಸಿಗೆ ಬೀಗತಿ ಬಂದ್ಲು. ಚಪ್ಪಲಿ ಬಿಟ್ಟು ಒಳಗ ಬಂದಾಕಿನ, "ಯವ್ವಾ, ಹೆಂಗದೀಯ?" ಅಂತ ಅತ್ತಿ ಮಗ್ಗಲಿಗೆ ಕುಂತ್ಲು.

ನನಗ ತಲಿ ಗಿರ್ ಅಂತು. "ಇವ್ರು ನಿಮ್ಮ ಬೀಗತಿ ಅಲ್ಲೇನಮ್ಮ?" ಅಂತ ಅತ್ತಿನ ಕೇಳಿದೆ.

"ಹೌದು."

"ಮತ್ತ ಯವ್ವಾ ಅಂದ್ರು?"

"ಮದ್ಲ ಮಗಳಾಗಿದ್ಲು. ತನ್ನ ಮಗಳನ್ನ ನನ್ನ ಮಗಗ ಕೊಟ್ಟಮ್ಯಾಲ ಬೀಗತಿ."

ಅಕ್ಕನ ಮಗಳನ್ನ ತಂದ್ಕೊಳ್ಳೋದು ನಮ್ಮ ಕಡೆ ಹೊಸದಲ್ಲ. ನನಗ ಹೊಳೀಲಿಲ್ಲ ನೋಡ್ರಿ, ಬುದ್ಧಿ ಎಲ್ಲಿಟ್ಟಿದ್ನೋ! "ಹಂಗಾದ್ರ ಕೇಳಮ್ಮ. ನಿನ್ನ ಸೊಸಿಗೆ ಬಂದಿದ್ದು ಆಕಿ ತಾಯಿಂದ. ಆ ತಾಯಿಗೆ ಬಂದಿದ್ದು ನಿನ್ನಿಂದ," ಅಂದೆ.

ಸೊಸಿ ಸೆರಗು ಬಾಯಿಗೆ ಇಟ್ಕೊಂಡು ಕಿಸಕ್ ಅಂತ ನಕ್ಕಳು.

ಆಮ್ಯಾಲ ಅತ್ತಿ, "ಹಂಗಾದ್ರ ಇದು ಸೋಂಬೇರಿತನ ಅಲ್ಲ ಬಿಡ್ರಿ, ಖರೇನ ರೋಗ ಇರಬೇಕು," ಅಂದಾಕಿ ಮಗನ ಕಡೆ ತಿರುಗಿದ್ಲು. "ಏನ್ ನೋಡ್ತಿ ಲೇ? ದೊಡ್ಡಾಸ್ಪತ್ರಿಗೆ ಗಾಡಿ ಕರಿ!"

ಮಗ ಫೋನ್ ಮಾಡಿದ. ಅಷ್ಟರಾಗ ಅತ್ತಿ ಸೊಸಿನ ಮಂಚದ ಮ್ಯಾಲ ಮಲಗಿಸಿ, "ನನಗೂ ಮೊಣಕಾಲು ಸೆಳೀತಾವ," ಅಂತ ತಾನೂ ಮಲಗಿದ್ಲು. "ನನಗೂ ಯವ್ವಾ," ಅಂತ ಬೀಗತಿನೂ ಉರುಳಿದ್ಲು. ಮಗ ಮೆತ್ತಗ ಮಂಚದ ತುದಿಗೆ ಕುಂತು, "ಯವ್ವಾ, ನನಗೂ ನಿನ್ನಿಂದಾನ ಬಂದಿರಬೇಕಲ್ಲ?" ಅಂದ.

ಅತ್ತಿ ನನ್ನ ಕಡೆ ನೋಡಿದ್ಲು. ನನಗ ಸುಳ್ಳು ಹೇಳಾಕ ಬರಂಗಿಲ್ಲ. "ಬಂದಿರ್ತೈತಿ. ಆದ್ರ ಗಂಡಸರದು ಮಕ್ಕಳಿಗೆ ಹೋಗಂಗಿಲ್ಲ," ಅಂದೆ.

"ಕೇಳಿದೇನು ಲೇ?" ಅಂದ್ಲು ಅತ್ತಿ, ಮಲಗಿದಲ್ಲಿಂದಾನ. "ನಿನ್ನ ಕರೆಂಟು ಮುಂದ ಯಾರಿಗೂ ಹೋಗಂಗಿಲ್ಲಂತ. ಇಟ್ಕೊಂಡು ಏನ್ ಮಾಡ್ತಿ? ಗಾಡಿ ಬರೋದ್ರಾಗ ರೊಟ್ಟಿ ಬಡದು ಖಾಲಿ ಮಾಡು!"